ನೂರ ನಲವತ್ತು ಬಿಂದಿಗೆ

ಸೊನ್ನೆಗೆ ಬೆಲೆಯಿಲ್ಲ ಅಂತ ಹೇಳುವವರು ಮಳವಳ್ಳಿಯ ಮರಿಸಿದ್ದಯ್ಯನನ್ನು ಒಮ್ಮೆ ನೋಡಬೇಕು. ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಅವನದೊಂದು ಪುಟ್ಟ ಸ್ಟೀಲ್ ಪಾತ್ರೆ ಅಂಗಡಿ. ಪ್ರವಾಹದಲ್ಲಿ ಮನೆಮಠ ಕಳೆದುಕೊಂಡವರಿಗೆ ಪಾತ್ರೆಪಗಡ ಹಂಚುವ ಸಂಸ್ಥೆಯೊಂದು ಮಂಡ್ಯದಲ್ಲಿ ಆಫೀಸು ತೆರೆದು, ಸಾಮಾನು ಒದಗಿಸುವ ಅಂಗಡಿಗಳನ್ನು ನೋಂದಾಯಿಸಿಕೊಳ್ಳುತ್ತಿತ್ತು. ಅರ್ಜಿಯಲ್ಲಿ ‘ಸದ್ಯ ದಾಸ್ತಾನಿರುವ ಬಿಂದಿಗೆಗಳು’ ಅಂತ ಒಂದು ಖಾನೆ. ಇದ್ದದ್ದು ಹದಿನಾಲ್ಕು. ಹದಿನಾಲ್ಕು ಅಂತಲೇ ಬರೆದ. ಯಾಕೋ ಬೋಳುಬೋಳಾಗಿ ಕಂಡಿತು. ಪಕ್ಕದಲ್ಲಿ ಒಂದು ಸೊನ್ನೆ ಇಟ್ಟ.

ಅಷ್ಟಕ್ಕೇ ತೆಪ್ಪಗಿದ್ದಿದ್ದರೆ ಆಗುತ್ತಿತ್ತು. ಟೀ ಅಂಗಡಿ ಮುಂದೆ ನಿಂತು, “ಇನ್ಮೇಲೆ ನಾನು ರಿಜಿಸ್ಟ್ರಾಗಿರೋ ಸಪ್ಲೈಯರ್ರು ಕಣ್ರಪ್ಪಾ” ಅಂತ ಡಂಗುರ ಬೇರೆ ಹೊಡೆದುಬಿಟ್ಟ. ಅರ್ಜಿ ಇನ್ನೂ ಮಂಡ್ಯ ಮುಟ್ಟಿರಲಿಲ್ಲ. ಈಗ ನೋಂದಣಿ ಆಗದಿದ್ದರೆ ಬೀದಿಯಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಫೋನು ಬಂತು. “ನಾನು ಸಂಸ್ಥೆಯಿಂದ ದೀಪಶ್ರೀ ಮಾತಾಡ್ತಿರೋದು. ಮಧ್ಯಾಹ್ನ ಎರಡಕ್ಕೆ ನಿಮ್ಮ ದಾಸ್ತಾನು ನೋಡೋಕೆ ಬರ್ತೀನಿ. ನೂರ ನಲವತ್ತನ್ನೂ ಒಂದೇ ಕಡೆ ಜೋಡಿಸಿಡಿ, ಎಣಿಸೋಕೆ ಸುಲಭ ಆಗುತ್ತೆ.”

ಮರಿಸಿದ್ದಯ್ಯನ ಕೈಯಲ್ಲಿದ್ದ ಇಡ್ಲಿ ಕೈಯಲ್ಲೇ ಉಳಿಯಿತು.

“ನಿಜ ಏಳ್ಬುಡಿ. ಬೈದ್ರೆ ಬೈತಾರೆ, ಕೊಂದಾಕ್ತಾರಾ?” ಅಂದಳು ಹೆಂಡತಿ ಶಶಿರೇಖಾ.

“ಏನಂತ ಏಳ್ಲಿ? ಸುಳ್ಳು ಬರ್ದೆ ಅಂತ್ಲಾ? ಮಾನ ಓಯ್ತದೆ ಕಣೆ!”

ಪಕ್ಕದ ಮನೆ ಅಂಕಯ್ಯನಿಗೆ ಇದೆಲ್ಲ ಗೋಡೆಯಾಚೆಯಿಂದಲೇ ಕೇಳಿಸಿತು. ಶಿವನಸಮುದ್ರದ ಕರೆಂಟ್ ಆಫೀಸಿನಲ್ಲಿದ್ದು ರಿಟೈರಾದವನು. ಸ್ವಂತದ್ದು ಅಂತ ಕೆಲಸವಿಲ್ಲದ್ದರಿಂದ ಊರವರ ಕೆಲಸವೆಲ್ಲ ಅವನದೇ. “ಲೇ ಸಿದ್ದ, ಅಳ್ತಾ ಕೂತ್ಕೋಬ್ಯಾಡ. ನಮ್ ಬೀದೀಲಿ ನಲವತ್ತು ಮನೆ. ಮನೆಗೆ ಮೂರೋ ನಾಕೋ ಬಿಂದ್ಗೆ ಈಸ್ಕೊಂಡ್ರೆ ಮುಗೀತು. ಆಯಮ್ಮ ಎಣಿಸ್ಕೊಂಡು ಓಯ್ತದೆ, ಸಂಜೆಗೆ ವಾಪಸ್ ಕೊಟ್ಬುಡು” ಅಂತ ಬಂದು ನಿಂತ.

ಹತ್ತು ಗಂಟೆಗೆಲ್ಲ ಮರಿಸಿದ್ದಯ್ಯನ ಹಿತ್ತಲಿನ ಖಾಲಿ ಕೊಟ್ಟಿಗೆ ಗೋಡೌನಾಯಿತು. ಜನ ಎಷ್ಟು ಧಾರಾಳವೆಂದರೆ ಅವನ ಸ್ವಂತ ಹದಿನಾಲ್ಕು ಬೇಕೇ ಆಗಲಿಲ್ಲ, ಅಂಗಡಿಯಲ್ಲೇ ಉಳಿದವು. ಆದರೆ ಕೊಟ್ಟವರು ಯಾರೂ ಮನೆಗೆ ಹೋಗಲೊಲ್ಲರು.

“ನಮ್ದು ಮುಂದ್ಕೆ ಮಡುಗ್ಲಾ, ಒಳಪು ಜಾಸ್ತಿ.”

“ನಮ್ದು ಗಟ್ಟಿ ಸ್ಟೀಲು. ಮೂಲೇಲಿ ಯಾಕ್ ಮಡುಗ್ದೆ?”

ಎದುರುಮನೆ ಪಟ್ಟಲಮ್ಮ ರಾಗಿ ತುಂಬಿದ್ದ ಬಿಂದಿಗೆಯನ್ನೇ ಸೊಂಟದ ಮೇಲೆ ಹೊತ್ತು ತಂದಳು. “ರಾಗಿ ಎಲ್ಲಿ ಸುರೀಲಿ? ಇರ್ಲಿ ಬುಡು. ಎಣಿಸಕ್ಕೆ ಬತ್ತಳೋ, ಒಳೀಕೆ ಇಣುಕಕ್ಕೆ ಬತ್ತಳೋ?”

ಎರಡಕ್ಕೆ ಸರಿಯಾಗಿ ದೀಪಶ್ರೀ ಜೀಪಿನಿಂದ ಇಳಿದಳು. ಮದುವೆಮನೆ ಪಂಕ್ತಿಯ ಹಾಗೆ ಕೂತಿದ್ದ ಬಿಂದಿಗೆಗಳನ್ನು ಕಂಡು ಮುಖ ಅರಳಿತು. ಪೆನ್ಸಿಲ್ ತೋರಿಸುತ್ತ ಎಣಿಸಿದಳು. ಹನ್ನೆರಡಕ್ಕೆ ಬಂದವಳು ಗಕ್ಕನೆ ನಿಂತು, ಬಗ್ಗಿ, ಬಿಂದಿಗೆಯ ಕೊರಳ ಮೇಲಿದ್ದ ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು. “ಪಟ್ಟಲಮ್ಮನ ಗೃಹಪ್ರವೇಶಕ್ಕೆ ತಮ್ಮ ನಾಗಯ್ಯನ ಕಾಣಿಕೆ.” ಪಕ್ಕದ್ದನ್ನೂ ತಿರುಗಿಸಿದಳು. “ಅಂಕಯ್ಯನವರ ನಿವೃತ್ತಿಯ ನೆನಪಿಗೆ, ಶಿವನಸಮುದ್ರದ ಗೆಳೆಯರು.”

ಹೆಸರು ಕೊರೆಸದ ಪಾತ್ರೆ ನಮ್ಮ ಕಡೆ ಯಾರ ಮನೆಯಲ್ಲಿದೆ, ನೀವೇ ಹೇಳಿ! ಮದುವೆಗೆ ಒಂದು ಲೋಟ ಕೊಟ್ಟರೂ ಹೆಸರು ಕೊರೆಸಿಯೇ ಕೊಡುವ ಜನ ನಾವು. ಅಂಗಡಿಯಲ್ಲಿ ಹೆಸರು ಕೊರೆಯುವ ಮಿಷನ್ನು ಹಿಡಿದು ಇಪ್ಪತ್ತು ವರ್ಷದಿಂದ ಹೊಟ್ಟೆ ಹೊರೆಯುವ ಮರಿಸಿದ್ದಯ್ಯನಿಗೇ ಇದು ಹೊಳೆಯಲಿಲ್ಲವಲ್ಲ! ಅಲ್ಲಿದ್ದ ಅರ್ಧಕ್ಕರ್ಧ ಬಿಂದಿಗೆಗಳ ಮೇಲೆ ಇದ್ದದ್ದು ಅವನದೇ ಕೈಬರಹ.

ನಾಚಿಕೆಗೆ ಕಣ್ಣು ಕತ್ತಲಿಟ್ಟಿತು. ಇನ್ನು ನಿಜ ಹೇಳಿ ಕಾಲಿಗೆ ಬೀಳುವುದೇ ಸರಿ ಅಂತ, “ಮೇಡಂ, ಅದೂ...” ಅಂತ ಬಾಯಿ ತೆರೆದ.

ಅಂಕಯ್ಯ ಬಿಡಬೇಕಲ್ಲ? ಗೆಳೆಯನ ಮಾನ ಉಳಿಸಲು ನಡುವೆ ನುಗ್ಗಿದ. “ಅದು ಬೀದಿಯೋರೆಲ್ಲ ದಾನ ಕೊಟ್ಟಿರೋದು ಮೇಡಂ! ನೀರಲ್ಲಿ ಮನೆ ಕಳ್ಕೊಂಡೋರ್ಗೆ ಅಂತ. ನಮ್ ಸಿದ್ದನೇ ಮನೆಮನೆ ತಿರುಗಿ ಕೂಡ್ಸವ್ನೆ!”

ಹೊಗಳಿ ಹೊರಟುಹೋಗುತ್ತಾಳೆ ಅಂತ ಅವನ ಲೆಕ್ಕ. ದೀಪಶ್ರೀ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. “ಹತ್ತು ವರ್ಷದಿಂದ ಈ ಕೆಲಸದಲ್ಲಿದೀನಿ. ಸ್ವಂತ ಹೆಸರಿರೋ ಬಿಂದಿಗೆ ಕೊಟ್ಟ ಜನರನ್ನ ಇವತ್ತೇ ನೋಡಿದ್ದು.” ಹಾಗಂದವಳೇ ಫೋನು ತೆಗೆದಳು. “ಮದ್ದೂರಲ್ಲಿರೋ ಲಾರೀನ ಈಗಲೇ ಮಳವಳ್ಳಿಗೆ ಕಳಿಸಿ.”

ನಲವತ್ತು ಮನೆಯ ಜನರಲ್ಲಿ ‘ಕೊಡಲ್ಲ’ ಅನ್ನುವ ಧೈರ್ಯ ಒಬ್ಬರಿಗೂ ಬರಲಿಲ್ಲ. ದೀಪಶ್ರೀ ಪಟ್ಟಲಮ್ಮನ ಬಿಂದಿಗೆಯೊಳಗೆ ಇಣುಕಿ, “ಅಯ್ಯೋ ಅಮ್ಮಾ, ರಾಗೀನೂ ಹಾಕಿ ಕೊಟ್ಟಿದೀರಾ!” ಅಂತ ಅವಳ ಎರಡೂ ಕೈ ಹಿಡಿದುಕೊಂಡಳು.

“ಊಂ ಕಣವ್ವ” ಅಂದಳು ಪಟ್ಟಲಮ್ಮ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ಲಾರಿ ಬಂತು. ಒಂದೊಂದು ಬಿಂದಿಗೆ ಮೇಲೇರುವಾಗಲೂ ಮರಿಸಿದ್ದಯ್ಯನ ಗಂಟಲಿಗೆ ನಿಜ ಬಂದು ಬಂದು ವಾಪಸು ಹೋಗುತ್ತಿತ್ತು. ಬೆಳಿಗ್ಗೆ ಹೇಳಿದ್ದರೆ ಅವನೊಬ್ಬನ ಮಾನ ಹೋಗುತ್ತಿತ್ತು, ಈಗ ಹೇಳಿದರೆ ಬೀದಿಯದೇ ಹೋಗುತ್ತದೆ. ಹಾಳಾಗಲಿ, ನೋಂದಣಿಯೊಂದು ಆದರೆ ಎಲ್ಲರಿಗೂ ಹೊಸದು ಕೊಟ್ಟು ಕಾಲಿಗೆ ಬಿದ್ದರಾಯಿತು ಅಂದುಕೊಂಡ.

“ಮೇಡಂ, ನನ್ನ ಅರ್ಜಿ...”

“ಅದನ್ನ ಹೇಳೋದೇ ಮರೆತೆ.” ಅರ್ಜಿ ತೆಗೆದು ಅಡ್ಡಗೆರೆ ಎಳೆದಳು. “ಯಾರ ಹತ್ರ ದಾನ ತಗೋತೀವೋ ಅವರ ಹತ್ರ ವ್ಯಾಪಾರ ಮಾಡೋ ಹಾಗಿಲ್ಲ. ನಮ್ಮ ನಿಯಮ. ನಿಮ್ಮಂಥವರಿಗೆ ಅದರಿಂದ ಬೇಜಾರಾಗಲ್ಲ ಅಂತ ಗೊತ್ತು. ದಾನಿಗಳ ಪಟ್ಟೀಲಿ ನಿಮ್ಮ ಹೆಸರೇ ಮೊದಲು!”

ಫೋಟೋ ತೆಗೆದು, ಕೈ ಮುಗಿದು ಹೊರಟಳು. ಹಿಂದೆಯೇ ಲಾರಿಯೂ ಹೋಯಿತು.

ಅದರ ಧೂಳು ಇನ್ನೂ ಅಡಗಿರಲಿಲ್ಲ, ಬೀದಿ ನಲ್ಲಿ ಭುಸ್ಸೆಂದಿತು. ಮೂರು ದಿನದ ಮೇಲೆ ನೀರು ಬಂದಿತ್ತು. ಜನ ಒಬ್ಬರ ಕೈ ಒಬ್ಬರು ನೋಡಿಕೊಂಡರು. ಪಟ್ಟಲಮ್ಮ ನೆಟ್ಟಗೆ ಮರಿಸಿದ್ದಯ್ಯನ ಅಂಗಡಿಗೆ ನಡೆದು ಒಂದು ಬಿಂದಿಗೆ ಎತ್ತಿಕೊಂಡು ಹೋದಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಯಾರೂ ಬೆಲೆ ಕೇಳಲಿಲ್ಲ, ಯಾರೂ ಬೈಯಲಿಲ್ಲ. ಬೈದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ ಅನ್ನಿಸಿತು ಅವನಿಗೆ. ಕೊನೆಯದನ್ನು ಅಂಕಯ್ಯ ತೆಗೆದುಕೊಂಡ. “ತಪ್ಪು ತಿಳ್ಕೋಬ್ಯಾಡ ಕಣ್ಲಾ” ಅಂದ, ಮುಖ ನೋಡದೆ.

ಕಪಾಟು ಖಾಲಿಯಾದರೂ ಬಾಗಿಲಲ್ಲಿ ಜನ ಇನ್ನೂ ನಿಂತೇ ಇದ್ದರು. ಅವರ ನಡುವೆ ದಾರಿ ಮಾಡಿಕೊಂಡು ಶಶಿರೇಖಾ ಬಂದಳು. ಕೈಯಲ್ಲಿ ಒಂದು ಚೊಂಬು.

“ನಮ್ಗೂ ಒಂದು ಉಳಿಸ್ಬೇಕಿತ್ತು ಕಣ್ರೀ. ಸಾಲು ತುಂಬ್ಕೊಂಡು ಕಾಣ್ಲಿ ಅಂತ ನಮ್ಮನೆ ನಾಕನ್ನೂ ನಾನೇ ಕೊಟ್ಟಿಗೇಲಿ ಮಡುಗಿದ್ದೆ.”

ಮರಿಸಿದ್ದಯ್ಯ ಚೊಂಬು ಈಸಿಕೊಂಡು, ತಲೆ ತಗ್ಗಿಸಿ, ನಲ್ಲಿಯ ಸಾಲಿನ ತುದಿಗೆ ಹೋಗಿ ನಿಂತ.