ಸಮುದ್ರದ ತರಬೇತಿ, ಬಬಲೇಶ್ವರದ ಕೆರೆ

ವಿಜಯಪುರದಲ್ಲಿ ಕೂತು ಮೀನುಗಾರಿಕೆ ಇಲಾಖೆಯ ಚಾಕರಿ ಮಾಡುವವನು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಅದು ತಾನಾಗಿಯೇ ಕಚೇರಿ ಬಾಗಿಲಿಗೆ ಬರುತ್ತದೆ. ಕರಾವಳಿಯ ಮೀನು ಸಂಪತ್ತು ಉಳಿಸುವ ಸರಕಾರಿ ತರಬೇತಿಗೆ ನಮ್ಮ ಜಿಲ್ಲೆಯಿಂದಲೂ ಹತ್ತು ಜನರನ್ನು ಕಳಿಸಿ ಎಂದು ಆದೇಶ ಬಂತು. ತಿಕೋಟಾ, ಬಬಲೇಶ್ವರದ ಕೆರೆಗಳಲ್ಲಿ ಬಲೆ ಬೀಸುವವರನ್ನು ಬಸ್ಸು ಹತ್ತಿಸಿಕೊಂಡು ನಾನೇ ಕರಾವಳಿಗೆ ಹೊರಟೆ.

೧. ಹರಾಜು

ನಮ್ಮ ಕಡೆ ಹರಾಜಿನಲ್ಲಿ ಕೆರೆ ಹಿಡಿದವರಿಗೇ ಅದರ ಮೀನು. ತಂಡದಲ್ಲಿದ್ದ ಹೊನವಾಡದ ಕಾಕಾ ಸಮುದ್ರ ನೋಡಿದ್ದು ಅಂದೇ ಮೊದಲು. ಚಪ್ಪಲಿ ಬಿಟ್ಟು ನೀರಿನ ಅಂಚಿಗೆ ಹೋದರು. ಕೈಮುಗಿದರು. ಆಮೇಲೆ ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಂದರು.

"ಸಾಹೇಬ್ರ, ಈ ಸಲ ಇದರ ಹರಾಜ ಯಾರಿಗೆ ಆಗೇತ್ರಿ?"

೨. ಅಳತೆ

"ಮರಿ ಹಿಡಿದರೆ ನಾಳೆ ಸಮುದ್ರವೇ ಬರಿದು" ಎಂದು ತರಬೇತಿ ಕೊಡುವ ಸರ್ ಮುಂಜಾನೆಯೆಲ್ಲ ಹೇಳಿದರು. ಬಂಗುಡೆ ಎಷ್ಟು ಉದ್ದ ಬೆಳೆದಿರಬೇಕೆಂದು ಗುರುತು ಹಾಕಿದ ಅಳತೆಪಟ್ಟಿಯನ್ನೂ ಹಂಚಿದರು. ಮಧ್ಯಾಹ್ನ ಊಟಕ್ಕೆ ಬಂಗುಡೆ ಸಾರು. ಬಬಲೇಶ್ವರದ ಮಹಿಳಾ ಸಂಘದ ಅಧ್ಯಕ್ಷೆ, ನಾವೆಲ್ಲ ಅಕ್ಕಾರು ಅನ್ನುವವರು, ತಾಟಿನ ಮೀನಿನ ಪಕ್ಕ ಪಟ್ಟಿ ಇಟ್ಟು ಅಳೆದರು.

"ಸರ, ಇದು ಮುಂಜಾನಿ ನೀವು ಹೇಳಿದ್ದ ಕೂಸ ಅಲ್ಲೇನ್ರಿ?"

ಮರುದಿನ ಊಟಕ್ಕೆ ಮೊಟ್ಟೆ ಬಂತು. ಹಂಚಿದ ಪಟ್ಟಿಗಳನ್ನು ಸರ್ ವಾಪಸ್ ಇಸಿದುಕೊಂಡರು.

೩. ಜಾಕೆಟ್

ತರಬೇತಿ ಮುಗಿಸಿ ಊರಿಗೆ ಬಂದ ಮೇಲೆ ಬಬಲೇಶ್ವರದ ಕೆರೆಯಲ್ಲಿ ನೀರಿಗಿಳಿಯುವವರಿಗೆ ಸರಕಾರ ತೇಲುವ ಜಾಕೆಟ್ ಕೊಟ್ಟಿತು. ಗಂಡಸರು ಒಲ್ಲೆ ಅಂದರು. "ನಮಗ ಈಜ ಬರತೈತಿ."

"ನಮ್ಮ ಮನಿಯವ್ರಿಗೂ ಬರತಿತ್ತು" ಅಂದರು ಅಕ್ಕಾರು.

ಅವರ ಗಂಡ ಅದೇ ಕೆರೆಯಲ್ಲಿ, ಕಾಲಿಗೆ ಬಲೆ ಸುತ್ತಿಕೊಂಡು ಮುಳುಗಿ ಹೋದವರು. ಒಬ್ಬೊಬ್ಬರೇ ಜಾಕೆಟ್ ತೊಟ್ಟರು. ಅಂದಿನಿಂದ ಅಕ್ಕಾರು ದಡದಲ್ಲಿ ನಿಂತು ಜಾಕೆಟ್ ನೋಡಿಯೇ ನೀರಿಗೆ ಬಿಡುತ್ತಿದ್ದರು.

ಒಂದು ದಿನ ನಮ್ಮ ದೊಡ್ಡ ಸಾಹೇಬರು ಪತ್ರಿಕೆಯವನೊಬ್ಬನನ್ನು ಕರೆದುಕೊಂಡು, ತೆಪ್ಪದಲ್ಲಿ ಕೂತು ಫೋಟೋ ತೆಗೆಸಿಕೊಳ್ಳಲು ಬಂದರು. ನೀರು ಮೊಣಕಾಲುದ್ದ.

"ಜಾಕೆಟ್ ಇಲ್ದ ಬಿಡಾಂಗಿಲ್ರಿ" ಅಂದರು ಅಕ್ಕಾರು.

ಉಳಿದಿದ್ದು ಅಕ್ಕಾರದೇ ಒಂದು. ಸಾಹೇಬರ ಹೊಟ್ಟೆಗೆ ಅದು ಕೂಡಲಿಲ್ಲ, ಹಗ್ಗದಿಂದ ಬಿಗಿದರು. ಫೋಟೋ ಮುಗಿಸಿ ಇಳಿಯುವಾಗ ಸಾಹೇಬರ ಕಾಲು ಕೆಸರಲ್ಲಿ ಹೂತಿತು. ಅಕ್ಕಾರು ಕೈಹಿಡಿದು ಎಳೆದರು. ಪತ್ರಿಕೆಯವನು ಆ ಹೊತ್ತಿಗೇ ಮತ್ತೊಂದು ಫೋಟೋ ಹೊಡೆದ.

ಮರುದಿನ ಪೇಪರಿನಲ್ಲಿ ದಪ್ಪಕ್ಷರ: "ಕೆರೆಗೆ ಬಿದ್ದ ಅಧಿಕಾರಿ, ಪ್ರಾಣ ಉಳಿಸಿದ ಮಹಿಳೆ."

ಸಾಹೇಬರ ಮನೆಗೆ ಬೀಗರೆಲ್ಲ ಓಡಿ ಬಂದರಂತೆ. "ಇದು ಸುಳ್ಳು ಅಂತ ಆಕಿ ಕಡೆ ಬರೆಸಿಕೊಂಡು ಬಾ" ಎಂದು ಸಾಹೇಬರು ನನ್ನನ್ನು ಅಟ್ಟಿದರು. ಅಕ್ಕಾರು ಪೇಪರಿನ ಫೋಟೋ ಮೇಲೆ ಬೆರಳಾಡಿಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಒಬ್ಬರನ್ನರ ಉಳಿಸೀನಿ ಅಂತ ಬಂದೈತಿ. ಇರ್ಲಿ ಬಿಡ್ರಿ" ಅಂದರು. ಆಮೇಲೆ ಗಂಭೀರವಾಗಿ ಸೇರಿಸಿದರು: "ಸುಳ್ಳ ಐತಿ ಅನ್ನೂದಿದ್ರ, ಸಾಹೇಬ್ರಿಗೆ ಇನ್ನೊಮ್ಮೆ ಬಂದು ಖರೇನ ಬೀಳಾಕ ಹೇಳ್ರಿ. ನಾ ಇಲ್ಲೇ ಇರ್ತೀನಿ."