ಪಾಯಿಂಟಣ್ಣ ಆರಿಸಿದ ಪೆಟ್ಟಿಗೆ

ಆರು ಮುಳ್ಳುಗಳ ಮೇಲೆ ಎರಡು ಕಣ್ಣಿಟ್ಟು ಹನ್ನೊಂದು ವರ್ಷ ಕೂತರೆ ಯಾರ ಕುತ್ತಿಗೆಯಾದರೂ ಒಂದು ಕಡೆ ವಾಲುತ್ತದೆ. ಪಂಪು ತಯಾರಿಸುವ ಆ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಅವನ ಕುತ್ತಿಗೆ ಎಡಕ್ಕೆ ವಾಲಿತ್ತು. ಪಂಪು ಓಡುವಾಗ ಅರ್ಧ ನಿಮಿಷಕ್ಕೊಮ್ಮೆ ಒತ್ತಡದ ಆರು ಮಾಪಕಗಳನ್ನು ಓದಿ ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. “ಮೂರು ಪಾಯಿಂಟ್ ನಾಲ್ಕು ಎರಡು” ಎಂದು ಗೊಣಗುತ್ತಲೇ ಬರೆಯುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಪಾಯಿಂಟಣ್ಣ.

ಆ ಬೆಳಿಗ್ಗೆ ಮ್ಯಾನೇಜರ್ ಮೇಡಂ ಮೂರು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು.

“ಇವು ಯುಎಸ್‌ಬಿ ಡೇಟಾ ಅಕ್ವಿಸಿಷನ್ ಡಿವೈಸ್. ಸೆನ್ಸರ್ ವೈರು ಇದಕ್ಕೆ, ಇದು ಕಂಪ್ಯೂಟರಿಗೆ. ಓದೋದು, ಬರೆಯೋದು ಎಲ್ಲ ಅದೇ ಮಾಡುತ್ತೆ. ಸಂಜೆಯೊಳಗೆ ಒಂದನ್ನ ಆರಿಸಿ.”

ಪಾಯಿಂಟಣ್ಣನ ಕುತ್ತಿಗೆ ಅಲ್ಲೇ ಅರ್ಧ ನೆಟ್ಟಗಾಯಿತು. ಇನ್ನು ಮೇಲೆ ಚಹಾವನ್ನು ಬಿಸಿಯಿರುವಾಗಲೇ ಕುಡಿಯಬಹುದು!

ಸುದ್ದಿ ಕೇಳಿ ಉಗ್ರಾಣದವನು ಓಡಿ ಬಂದ. “ಚಿಕ್ಕದು ತಗೊಳ್ಳಪ್ಪ, ಕಪಾಟಲ್ಲಿ ಜಾಗ ಉಳಿಯುತ್ತೆ.”

ಚಿಕ್ಕದನ್ನು ಜೋಡಿಸಿದರೆ ಒತ್ತಡದ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿತು. ಸೆನ್ಸರ್ ಕೊಡುವುದು ಕೆಲವೇ ಮಿಲಿವೋಲ್ಟ್. ಆ ಪೆಟ್ಟಿಗೆ ಹುಟ್ಟಿದ್ದು ಹತ್ತು ವೋಲ್ಟ್ ಅಳೆಯಲು. ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗಾಯಿತು.

“ಹಾಗಾದ್ರೆ ದೊಡ್ಡದು! ಸೆಕೆಂಡಿಗೆ ಹತ್ತು ಲಕ್ಷ ಸಲ ಅಳೆಯುತ್ತಂತೆ!” ಎಂದು ಉಗ್ರಾಣದವನು ತಾನೇ ಗುಂಡಿ ಒತ್ತಿದ.

ಅದು ಅಳೆಯಿತು, ಅಳೆಯಿತು, ಮಧ್ಯಾಹ್ನದ ಊಟದ ಹೊತ್ತಿಗೆ ಕಂಪ್ಯೂಟರಿನ ಹೊಟ್ಟೆ ತುಂಬಿ ಅದು ಕಣ್ಣು ಮುಚ್ಚಿತು. ನಿಧಾನಕ್ಕೆ ಏರುವ ಒತ್ತಡಕ್ಕೆ ಅಷ್ಟು ವೇಗವೆಂದರೆ, ಬಸವನಹುಳು ನಡೆಯುವುದನ್ನು ನೋಡಲು ಊರನ್ನೇ ಕರೆದು ಸಾಕ್ಷಿ ನಿಲ್ಲಿಸಿದಂತೆ!

ಉಳಿದದ್ದು ಮೂರನೆಯದು. ಪಾಯಿಂಟಣ್ಣ ಕೈಪಿಡಿಯನ್ನು ಸಾಲು ಬಿಡದೆ ಓದಿದ. ಹದಿನಾರು ಬಿಟ್‌ನ ಸೂಕ್ಷ್ಮ ಅಳತೆ, ಎಂಟು ಸೆನ್ಸರಿಗೆ ಜಾಗ, ಮಿಲಿವೋಲ್ಟ್ ಅಳತೆಗೂ ಸೈ. ಕೈ ಮುಗಿಯುವಂಥ ವಸ್ತು! ಆದರೆ ಪಂಪು ಶುರುವಾದದ್ದೇ ತಡ, ಅಂಕಿಗಳು ಕಾದ ಹೆಂಚಿನ ಮೇಲೆ ಸಾಸಿವೆ ಸಿಡಿದಂತೆ ಕುಣಿದವು. ಅವನು ಕೈಪಿಡಿಯನ್ನು ಮತ್ತೆ ಮೊದಲಿನಿಂದ ತಿರುವಿದ.

ಮೋಟಾರಿಗೆ ತಾಮ್ರದ ತಂತಿ ಸುತ್ತುವ ಅಕ್ಕ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದಳು. “ಸೆನ್ಸರ್ ವೈರನ್ನ ಮೋಟಾರಿನ ಕೇಬಲ್ ಜೊತೆ ಕಟ್ಟಿಹಾಕಿದೀಯಲ್ಲೋ! ಸಂತೆ ಮಧ್ಯೆ ಪಿಸುಮಾತು ಕೇಳಿಸುತ್ತಾ? ದೂರ ಸರಿಸು.”

ಸರಿಸಿದ. ಅಂಕಿಗಳು ಪಾಠ ಕಲಿತ ಮಕ್ಕಳಂತೆ ಕೂತವು. ಅಕ್ಕನ ಮುಂದೆ ಕೈಪಿಡಿ ಬರೆದವರನ್ನೂ ಕೂರಿಸಬೇಕು ಅನ್ನಿಸಿತು ಅವನಿಗೆ.

ಮೇಡಂ ಬಂದರು. “ಇದು ಸರಿಯಾಗಿ ಓದುತ್ತೆ ಅಂತ ಏನು ಗ್ಯಾರಂಟಿ?”

“ಒಂದು ಗಂಟೆ ಪಂಪು ಓಡಿಸೋಣ ಮೇಡಂ. ಅದೂ ಓದಲಿ, ನಾನೂ ಓದ್ತೀನಿ. ತಾಳೆ ನೋಡಿ,” ಎಂದು ಪಾಯಿಂಟಣ್ಣ ಎದೆ ಉಬ್ಬಿಸಿದ. ತನ್ನ ಪೆಟ್ಟಿಗೆಯ ಮಾನ ಉಳಿಸಲು ಅವತ್ತು ಅವನು ಓದಿದಷ್ಟು ನಿಗಾ ಇಟ್ಟು ಎಂದೂ ಓದಿರಲಿಲ್ಲ. ರೆಪ್ಪೆ ಕೂಡ ಲೆಕ್ಕವಿಟ್ಟು ಬಡಿದ.

ಗಂಟೆಯ ನಂತರ ಮೇಡಂ ಅವನ ಪುಸ್ತಕವನ್ನೂ ಕಂಪ್ಯೂಟರಿನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಬೆರಳು ಓಡಿಸಿದರು. ಕೊನೆಯ ಅಂಕಿಯವರೆಗೂ ಒಂದೇ! ಒಂದೇ ಒಂದು ಕಡೆ ವ್ಯತ್ಯಾಸ. ವಿಚಾರಿಸಿದರೆ ಆ ಕ್ಷಣ ಉಗ್ರಾಣದವನ ಕಾಲು ಸೆನ್ಸರ್ ವೈರ್‌ಗೆ ತಗುಲಿತ್ತು. ಸರಿಯಿದ್ದದ್ದು ಪಾಯಿಂಟಣ್ಣ ಬರೆದದ್ದೇ.

“ಅಬ್ಬಬ್ಬಾ!” ಮೇಡಂ ಕಣ್ಣರಳಿಸಿದರು. “ಒಳ್ಳೇ ಡಿವೈಸನ್ನೇ ಆರಿಸಿದೀರಿ. ಇದನ್ನ ನಮ್ಮ ಇನ್ನೊಂದು ಕಾರ್ಖಾನೆಗೆ ಕಳಿಸ್ತೀನಿ. ಪಾಪ, ಅಲ್ಲಿ ನಿಮ್ಮಂಥವರು ಯಾರೂ ಇಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಉಗ್ರಾಣದವನಂತೂ ಅವನನ್ನು ಎತ್ತಿಕೊಳ್ಳುವುದೊಂದು ಬಾಕಿ.

“ಮೇಡಂ, ನಾನು... ಅಷ್ಟೇನೂ ಸರಿಯಾಗಿ ಓದಲ್ಲ,” ಎಂದು ಪಾಯಿಂಟಣ್ಣ ತೊದಲಿದ.

“ಎಂಥಾ ವಿನಯ ನೋಡಿ!” ಮೇಡಂ ಬಾಗಿಲವರೆಗೆ ಹೋಗಿ ತಿರುಗಿದರು. “ಹಾಂ, ನಾಳೆಯಿಂದ ಪಕ್ಕದ ಕೋಣೆಯ ಆರು ಮಾಪಕಾನೂ ನೀವೇ ನೋಡ್ಕೊಳ್ಳಿ. ಬೇರೆಯವರ ಕೈಗೆ ಕೊಡೋಕೆ ಇನ್ನು ನನಗೆ ಮನಸ್ಸು ಬರಲ್ಲ.”