ಒತ್ತಿದ ಹೆಬ್ಬೆರಳನ್ನು ಹಿಂಪಡೆಯಲು ಅವಕಾಶ ಕೋರಿ

ಇಂದ:
ಕರಡು ಬರಹಗಾರ (ಹೆಂಡತಿ ಸದ್ಯ ಮನೆಯಲ್ಲಿಲ್ಲ),
ಜೆರಾಕ್ಸ್ ಯಂತ್ರದ ಪಕ್ಕದ ಮೇಜು.

ಗೆ:
ಮಾನ್ಯ ಅಧ್ಯಕ್ಷರು,
ವಿದ್ಯುನ್ಮಾನ ವ್ಯಾಪಾರ ಕಾನೂನುಗಳ ಅಂತರರಾಷ್ಟ್ರೀಯ ಏಕರೂಪತಾ ಸಮಿತಿ.

ವಿಷಯ: ಮೊಬೈಲಿನಲ್ಲಿ ಒತ್ತಿದ ಹೆಬ್ಬೆರಳಿನ ಚಿತ್ರವನ್ನು ಹಿಂಪಡೆಯುವ ಬಗ್ಗೆ ಹಾಗೂ ರಜೆಯ ಬಗ್ಗೆ.

ಉಲ್ಲೇಖ: ನಾನೇ ಬರೆದ ಒಪ್ಪಿಗೆಯ ಕಲಮು, ನನ್ನ ಹೆಂಡತಿಯ ಸಂದೇಶ, ಕಳೆದ ಮಂಗಳವಾರದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಲೆ ತಗ್ಗಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಒಂದು ದೇಶದವರು ಮೊಬೈಲಿನಲ್ಲಿ ಕುದುರಿಸಿದ ವ್ಯಾಪಾರ ಇನ್ನೊಂದು ದೇಶದಲ್ಲಿ ಮುರಿದು ಬೀಳಬಾರದೆಂಬ ಕಾರಣಕ್ಕೆ, ಎಲ್ಲ ದೇಶಗಳಿಗೂ ಒಂದೇ ನಿಯಮ ಬರೆಯುವುದು ನಮ್ಮ ಸಮಿತಿಯ ಕೆಲಸ. ಅದರಲ್ಲಿ ಒಪ್ಪಿಗೆಯ ಕಲಮು ನನ್ನದು: "ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಕಳಿಸಿದವನು ಸಂದೇಶ ಓದಿ ಒಪ್ಪಿದಂತೆಯೇ ಸರಿ. ಓದಲಿಲ್ಲವೆಂಬ ನೆಪ ನಡೆಯದು." ಪ್ರತಿನಿಧಿಗಳು ಮೇಜು ತಟ್ಟಿದರು. ಉಬ್ಬಿಹೋದ ನಾನು ಮನೆಗೆ ಹೋಗಿ ಹೆಂಡತಿಗೂ ಓದಿ ಹೇಳಿದೆ. ಅವಳು ಅಷ್ಟು ಗಮನವಿಟ್ಟು ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು.

೨. ಅವಳು ಏನು ಹೇಳಿದರೂ "ಹೂಂ" ಎನ್ನುವುದು ನನ್ನ ರೂಢಿ. ಈ ಹೂಂಗೆ ಕಿವಿ ಇಲ್ಲಿದೆ, ಮನುಷ್ಯ ಬೇರೆಲ್ಲೋ ಇದ್ದಾನೆ ಎಂದಷ್ಟೇ ಅರ್ಥ. ಕಚೇರಿಯಲ್ಲಿರುವಾಗ ಹೂಂ ಬದಲು ಹೆಬ್ಬೆರಳು ಒತ್ತುತ್ತೇನೆ.

೩. ಮಂಗಳವಾರ ಸಭೆಯಲ್ಲಿ ಒಂದು ಅಲ್ಪವಿರಾಮದ ಬಗ್ಗೆ ಜಗಳ ಕಾವೇರಿದ್ದಾಗ ಅವಳ ಸಂದೇಶ ಬಂತು. ನೋಡದೆ ಒತ್ತಿದೆ. ಅದರಲ್ಲಿದ್ದದ್ದು: "ಗೋಡೆ ಜೊತೆ ಮಾತಾಡಿ ಸಾಕಾಗಿದೆ. ಅಕ್ಕನ ಮನೇಲೇ ಇದ್ದುಬಿಡ್ತೀನಿ. ಆಗಬಹುದಾ?"

೪. ಸಂಜೆ ಮನೆಗೆ ಬೀಗ. ಆಗಷ್ಟೇ ಸಂದೇಶ ಓದಿ ಫೋನು ಮಾಡಿದೆ.

"ನಾನು ಓದಿರಲಿಲ್ಲ ಕಣೇ!"

"ಆ ನೆಪ ನಡೆಯಲ್ಲಾಂತ ನೀವೇ ಬರ್ದಿದ್ದೀರಲ್ಲ. ಇದಕ್ಕೇನಂತೀರಿ?"

ಎಷ್ಟೋ ಹೇಳಬೇಕೆಂದು ಬಾಯಿ ತೆರೆದೆ. ಹೊರಬಿದ್ದದ್ದು "ಹೂಂ". ಅವಳು ಫೋನಿಟ್ಟಳು.

೫. ಒತ್ತಿದ್ದನ್ನು ಹಿಂಪಡೆಯುವ ಕಲಮೊಂದನ್ನು ಸೇರಿಸಿಕೊಡಿ ಎಂದು ನಮ್ಮ ಕಾನೂನು ಸಲಹೆಗಾರ್ತಿಗೆ ದುಂಬಾಲು ಬಿದ್ದೆ. "ಎಲ್ಲಾ ದೇಶಗಳು ಒಪ್ಪೋಕೆ ವರ್ಷಗಟ್ಟಲೆ ಹಿಡಿಯುತ್ತೆ ಸಾರ್. ನಿಮ್ಮ ಮನೆಯವರೊಬ್ಬರನ್ನ ಒಪ್ಪಿಸೋಕೆ ನೀವು ಬಸ್ಸು ಹಿಡಿದ್ರೆ ಸಾಕು" ಎಂದರು. ಅವಳಿಲ್ಲದ ಮನೆಯಲ್ಲಿ ನನಗೆ ಬೇಸರವಾಗಿದೆ, ಭಯವೂ ಆಗಿದೆ. ಇದನ್ನು ಕಲಮಿನ ಭಾಷೆಯಲ್ಲಿ ಬರೆಯಲು ನನಗೆ ಬರುವುದಿಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಗಾಗಿ, ಹಿಂಪಡೆಯುವ ಕಲಮನ್ನು ನಿಧಾನವಾಗಿ ಪರಿಶೀಲಿಸಿ, ನಾಳೆಯ ರಜೆಯನ್ನು ಬೇಗ ಮಂಜೂರು ಮಾಡಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ: ಪೂರ್ತಿ ಓದಿ ಹಾಕಿದ್ದು)

ಲಗತ್ತುಗಳು:
ಅ) ಸಂದೇಶದ ಪ್ರತಿ.
ಆ) ಬಸ್ ಟಿಕೆಟುಗಳ ಪ್ರತಿ: ಹೋಗಲು ಒಂದು, ಬರಲು ಎರಡು.

ವಿ.ಸೂ.: ಬರುವ ಟಿಕೆಟುಗಳಲ್ಲಿ ಒಂದು ಉಳಿದುಹೋದರೆ ಇನ್ನೊಂದನ್ನೂ ಬಳಸುವ ಉದ್ದೇಶ ನನಗಿಲ್ಲ. ಆದಕಾರಣ, ಅಂಥ ಸಂದರ್ಭದಲ್ಲಿ ಸದರಿ ರಜೆಯನ್ನು ಅವಳು ಹೊರಡುವವರೆಗೆ ವಿಸ್ತರಿಸಬೇಕಾಗಿ ವಿನಂತಿ.